ಬೂದಿಯ ಬಾಣಂತನ

ಮುಳ್ಳು ನಿಲ್ಲುತ್ತಲೇ ಇಲ್ಲ, ಅಡುಗೆಮನೆಯಿಂದ ಹೊತ್ತು ತಂದ ತಕ್ಕಡಿಯ ಬಿಳಿ ಮುಖದ ಮೇಲೆ ಆ ಕೆಂಪು ಮುಳ್ಳು ಅತ್ತ ಹೋಗಿ ಇತ್ತ ಬಂದು ಮತ್ತೆ ಅತ್ತ, ನಿಲ್ಲೇ ತಾಯಿ, ಒಂದು ಗಳಿಗೆ ಸುಮ್ಮನೆ ಕೂತುಕೊಳ್ಳೇ, ನಿನ್ನ ದಮ್ಮಯ್ಯ — ಸ್ಟೀಲ್ ಬಟ್ಟಲಿನೊಳಗೆ ಬೂದಿ, ಬಣ್ಣಕ್ಕೆ ತಕ್ಕ ಹೆಸರು, ಎದ್ದು ನಿಂತಿದೆ, ಅಂಚಿಗೆ ಎರಡೂ ಕೈ ಊರಿ, ಬಾಲ್ಕನಿಯಲ್ಲಿ ನಿಂತು ಬೀದಿಜಗಳ ನೋಡುವ ಹೆಂಗಸಿನ ಹಾಗೆ, ಮೀಸೆ ಕುಣಿಸುತ್ತ ಅವನ ಮುಖವನ್ನೇ ನೋಡುತ್ತದೆ, ಏನಯ್ಯಾ ನಿನ್ನ ಅವಸರ ಅಂತ. ಮೊಲಕ್ಕಿಂತ ಚಿಕ್ಕದು, ಇಲಿಗಿಂತ ದೊಡ್ಡದು, ಬಾಲ ನೋಡಿದರೆ ಅಳಿಲು, ಕಿವಿ ನೋಡಿದರೆ ಇದ್ಯಾವುದೂ ಅಲ್ಲ, ಚಿಂಚಿಲಾ ಅಂದರೆ ಪಕ್ಕದ ಮನೆಯಾಕೆ ಪ್ರತಿ ಸಲವೂ ಅದೇನ್ರೀ ತಿಂಡಿಯಾ ಅನ್ನುತ್ತಾಳೆ, ತಿಂಡಿಯಂತೆ ತಿಂಡಿ, ಇಷ್ಟು ಮೆತ್ತಗಿನ ಜೀವವನ್ನು ಹಿಡಿದವನಿಗೆ ಬೇರೆ ಏನನ್ನು ಹಿಡಿದರೂ ಗೋಣಿಚೀಲ ಹಿಡಿದಂತೆಯೇ. ಅಡುಗೆಮನೆಯಲ್ಲಿ ಕಾಗದದ ಸರಸರ, ಅಕ್ಕ ಲೋಟಗಳಿಗೆಲ್ಲ ಹಳೆ ಪೇಪರ್ ಸುತ್ತುತ್ತಿದ್ದಾಳೆ, ಅವಳ ಗಂಡ, ಬಸ್ಸಿನ ಡ್ರೈವರ್, ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದಾರೆ, ಟೇಪು ಎಳೆದಾಗಲೆಲ್ಲ ಬೂದಿಯ ಕಿವಿ ಅತ್ತ ತಿರುಗುತ್ತದೆ, ಅವನ ಕಿವಿಯೂ. ನಾಳೆ ಬೆಳಿಗ್ಗೆ ಸಾಮಾನಿನ ಗಾಡಿ, ಅಕ್ಕ ಗಂಡನ ಮನೆಗೆ. ಬೂದಿ ಬಸುರಿ ಅಲ್ಲದಿದ್ದರೆ ಗಾಡಿ, ಬಸುರಿಯಾಗಿದ್ದರೆ ಇಲ್ಲ, ಅಕ್ಕ ಹೇಳಿಬಿಟ್ಟಿದ್ದಾಳೆ, ಬೂದಿ ಹೆತ್ತು, ಮರಿ ಹಾಲು ಬಿಡೋವರೆಗೂ ನಾನು ಈ ಮನೆ ಹೊಸಿಲು ದಾಟಲ್ಲ, ಇಬ್ಬರೂ ಕೇಳಿಸ್ಕೊಳ್ಳಿ. ಡ್ರೈವರ್ ಪಾಪ ತಲೆ ಆಡಿಸಿದ್ದರು. ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಇಬ್ಬರೂ ಸಹಿ ಹಾಕಿ ತಿಂಗಳ ಮೇಲಾಯಿತು, ಮದುವೆಯಾದ ಗಂಡಸು ದಿನಾ ಸಂಜೆ ಬಂದು ಹೆಂಡತಿಯ ಕೈಯೂಟ ಉಂಡು ಕೊನೆ ಬಸ್ಸಿಗೆ ಒಬ್ಬನೇ ಮನೆಗೆ ಹೋಗುತ್ತಾನೆ, ಇಂಥ ಸಂಸಾರ ಎಲ್ಲಾದರೂ ಉಂಟೆ. ಎಷ್ಟು ಬಂತೋ, ಅಕ್ಕನ ಕೂಗು. ಇನ್ನೂ ಕೂತಿಲ್ಲ ಕಣೇ, ಕುಣೀತಿದೆ. ಕುಣೀಲಿ ಬಿಡು, ಹೆದರಿಸಬೇಡ.

ಹೆದರಿಸುವುದೆಲ್ಲಿ ಬಂತು, ಅವನು ದನಿ ಎತ್ತುವವನೇ ಅಲ್ಲ, ಕನ್ನಡಕದ ಅಂಗಡಿಯ ಕತ್ತಲೆಕೋಣೆಯಲ್ಲಿ ಬೆಳಗಿಂದ ಸಂಜೆಯವರೆಗೆ ಒಂದೇ ದನಿಯಲ್ಲಿ ಒಂದೇ ಮಾತು, ಮೊದಲಿನದು ಚೆನ್ನಾಗಿ ಕಾಣುತ್ತೋ, ಈಗಿನದು ಚೆನ್ನಾಗಿ ಕಾಣುತ್ತೋ, ಕಟಕ್ ಅಂತ ಗಾಜು ತಿರುಗಿಸಿ ಮತ್ತೆ, ಮೊದಲಿನದೋ, ಈಗಿನದೋ — ಜನ ಬೆವರುತ್ತಾರೆ, ತಪ್ಪು ಹೇಳಿದರೆ ಎಲ್ಲಿ ಕುರುಡಾಗಿ ಹೋಗುತ್ತೇವೋ ಅಂತ, ಎರಡೂ ಒಂದೇ ಥರ ಇದೆಯಲ್ಲ ಸಾರ್ ಅನ್ನುತ್ತಾರೆ, ಆಗ ಅವನು ನಗುತ್ತಾನೆ, ಒಂದೇ ಥರ ಇದ್ದರೆ ಒಳ್ಳೇದೇ ಬಿಡಿ, ಕಣ್ಣು ಸರಿಯಾದ ಜಾಗಕ್ಕೆ ಬಂತು ಅಂತ ಅರ್ಥ. ಡ್ರೈವರ್ ಕೂಡ ಮೊದಲು ಸಿಕ್ಕಿದ್ದು ಆ ಕುರ್ಚಿಯಲ್ಲೇ, ಅಕ್ಕನೇ ಕೈ ಹಿಡಿದು ಎಳಕೊಂಡು ಬಂದಿದ್ದಳು, ಇವರು ನಮ್ಮ ಬಸ್ಸಿನ ಡ್ರೈವರು, ನಿನ್ನೆ ನಮ್ಮ ಸ್ಟಾಪ್ ಬಿಟ್ಟು ಮುಂದೆ ಹೋದ್ರು, ಮೊದಲು ಇವರ ಕಣ್ಣು ನೋಡು. ಅವನು ನೋಡಿದ, ಕಣ್ಣಿಗೆ ಏನೂ ಆಗಿರಲಿಲ್ಲ, ಗಟ್ಟಿಮುಟ್ಟಾದ ಕಣ್ಣು, ದೂರದ್ದೂ ಸರಿ ಹತ್ತಿರದ್ದೂ ಸರಿ, ಮತ್ತೆ ಸ್ಟಾಪ್ ಯಾಕೆ ಬಿಟ್ರಿ ಅಂದರೆ ಆ ಮನುಷ್ಯ ಕಿವಿಯವರೆಗೆ ಕೆಂಪಗಾಗಿ, ಇವರು ಇಳಿದುಬಿಡ್ತಾರಲ್ಲಾಂತ ಬಿಟ್ಟೆ ಅಂದರು. ಅಬ್ಬಬ್ಬಾ! ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಾ ನೂರು ಬೆಡ್‌ಶೀಟು ಮಡಿಸಿ ಯಾರ ಮಾತಿಗೂ ಸೊಪ್ಪು ಹಾಕದ ಅಕ್ಕ, ಐವತ್ತು ದಾಟಿದ ಅಕ್ಕ, ಅವತ್ತು ಗೋಡೆಯ ಮೇಲಿನ ಅಕ್ಷರದ ಪಟವನ್ನು ಮೇಲಿಂದ ಕೆಳಕ್ಕೆ ಓದುತ್ತ ನಿಂತಿದ್ದಳು. ಆಮೇಲೆ ನೋಡಿದರೆ ಅವರ ಮನೆಯಲ್ಲೂ ಒಂದು ಚಿಂಚಿಲಾ ಇದೆಯಂತೆ, ರಾಣಿ ಅಂತ ಹೆಸರು, ಅಂಗಡಿಯವನು ಹೆಣ್ಣು ಅಂತಲೇ ಕೊಟ್ಟಿದ್ದಂತೆ, ಇನ್ನೇನು ಬೇಕು, ಒಂದು ಭಾನುವಾರ ಬುಟ್ಟಿಯಲ್ಲಿ ಇಟ್ಟುಕೊಂಡು ಬಂದೇಬಿಟ್ಟರು, ಅವರದು ಮೇಲಂತಸ್ತು, ಸೆಕೆ, ಈ ಜೀವಕ್ಕೆ ಸೆಕೆ ಆಗದು, ಇಲ್ಲಿ ಗೂಡಿರುವ ಕೋಣೆಯಲ್ಲಿ ತಣ್ಣಗಿನ ಕಲ್ಲಿನ ನೆಲ. ಇಬ್ಬರೂ ಹೆಂಗಸರು, ಒಂದೇ ಗೂಡಲ್ಲಿ ಕೂತು ಮಾತಾಡಿಕೊಳ್ಳಲಿ ಬಿಡಿ ಅಂದಳು ಅಕ್ಕ, ಬಾಗಿಲು ಎಳೆದಳು, ಹೊರಗೆ ಇವರಿಬ್ಬರು ಟೀ ಕುಡಿಯುತ್ತ ಕತ್ತಲಾಗುವವರೆಗೆ ಮಾತು, ಒಳಗೆ ಅವರಿಬ್ಬರು — ಮಾತೇ ಆಡಿದವೋ ಮತ್ತೇನು ಮಾಡಿದವೋ, ಯಾರು ಕಂಡರು. ಅದಾದ ಎಷ್ಟೋ ದಿನಕ್ಕೆ ರಾಣಿಯ ಹಲ್ಲು ತೋರಿಸಲು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದರೆ ಆಕೆ ತಿರುಗಿಸಿ ನೋಡಿ, ರೀ ಡ್ರೈವರ್ರೇ, ನಿಮ್ಮ ರಾಣಿ ಗಂಡು ಕಣ್ರೀ! ಫೋನಿನಲ್ಲಿ ಅದನ್ನು ಹೇಳುವಾಗ ಡ್ರೈವರ್ ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ, ಅಕ್ಕ ಫೋನು ಹಿಡಿದುಕೊಂಡೇ ಬೂದಿಯ ಗೂಡಿನ ಮುಂದೆ ಕುಕ್ಕರಿಸಿ ಕೂತಳು, ಅಯ್ಯೋ ನನ್ನ ಕಂದಾ, ನಾನೇ ಬಾಗಿಲು ಹಾಕಿದ್ನಲ್ಲೇ.

ಡಾಕ್ಟರಮ್ಮ ಬೂದಿಯನ್ನೂ ನೋಡಿದಳು, ಇರಬಹುದು, ಇಲ್ಲದೆಯೂ ಇರಬಹುದು, ಇವು ಇಲಿಯ ಹಾಗಲ್ಲ, ನಾಲ್ಕು ತಿಂಗಳ ಹತ್ತಿರ ಹೊರುತ್ತವೆ, ಹೊಟ್ಟೆ ತೋರಿಸೋದೇ ಇಲ್ಲ, ಪದೇ ಪದೇ ಇಲ್ಲಿಗೆ ತಂದು ಗಾಬರಿ ಮಾಡಬೇಡಿ, ಗಾಬರಿಯಾದರೆ ಕೂದಲು ಉದುರಿಸಿಬಿಡುತ್ತೆ, ಮರಿಗೂ ಒಳ್ಳೇದಲ್ಲ, ಮನೇಲೇ ತೂಕ ನೋಡ್ತಿರಿ, ಏರ್ತಾ ಹೋದರೆ ಬಸುರಿ, ಇನ್ನೊಂದು ಮಾತು, ಅಪ್ಪನ್ನ ಮಾತ್ರ ದೂರ ಇಡಿ, ಹೆತ್ತ ದಿನವೇ ಮತ್ತೆ ಬಸುರಾಗೋ ಜಾತಿ ಇದು. ಅಪ್ಪ ಅಂದರೆ ರಾಣಿ. ತೂಕ ಏರುತ್ತ ಹೋಯಿತು, ಹೋಗದೆ ಏನು, ಅವನಿಗೆ ಗೊತ್ತಿತ್ತಲ್ಲ ಯಾಕೆ ಏರುತ್ತಿದೆ ಅಂತ, ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ — ಅಂಗಿಜೇಬಿನಲ್ಲಿ ಒಣಸೇಬಿನ ಚೂರು, ದಿನಾ ಅಂಗಡಿಗೆ ಹೊರಡುವ ಮುಂಚೆ ಸರಳಿನ ಸಂದಿಯಿಂದ ಒಂದು, ಬಂದ ಮೇಲೆ ಒಂದು, ಬೂದಿ ಎರಡೂ ಕೈಯಲ್ಲಿ ಹಿಡಿದು ಕರಕರ ತಿನ್ನುತ್ತ ಕಣ್ಣು ಮುಚ್ಚುತ್ತದೆ, ಅಷ್ಟು ಸಿಹಿ ಅದಕ್ಕೆ ಕೊಡಬಾರದು, ಹುಲ್ಲೇ ಅದರ ಊಟ, ಗೊತ್ತು, ಎಲ್ಲ ಗೊತ್ತು, ಆದರೆ ಮುಳ್ಳು ಒಂದು ಗೆರೆ ಮೇಲೇರಿದ ದಿನ ಅಕ್ಕ ಅರ್ಧ ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚುತ್ತಾಳೆ, ದೊಡ್ಡ ಪಾತ್ರೆ ಮತ್ತೆ ಒಲೆ ಮೇಲೆ ಕೂರುತ್ತದೆ, ಲೇ ಪುಟ್ಟಾ ಊಟಕ್ಕೆ ಬಾರೋ ಅನ್ನುವ ಕೂಗು ಇನ್ನೊಂದು ವಾರಕ್ಕೆ ಗ್ಯಾರಂಟಿ. ನಲವತ್ತಾರು ತುಂಬಿದ ಪುಟ್ಟ! ಥೂ, ನಾಚಿಕೆಯಾಗಬೇಕು. ಆಗಿಯೂ ಇತ್ತು, ಅದಕ್ಕೇ ಈ ಸೋಮವಾರದಿಂದ ನಿಲ್ಲಿಸಿದ್ದ, ಸೇಬು ಬಂದ್, ಇನ್ನು ಮುಳ್ಳು ಹೇಳಿದ್ದೇ ನ್ಯಾಯ, ಇಳಿದರೆ ಇಳಿಯಲಿ, ಹೋಗಲಿ ಅಕ್ಕ, ಎಂದಾದರೂ ಹೋಗಬೇಕಾದವಳೇ. ತಮ್ಮನಿಗೋಸ್ಕರ ಮದುವೆ ಆಗದೆ ಉಳಿದಳು ಅಂತ ಯಾರಾದರೂ ಅಂದರೆ ಅವಳಿಗೆ ಎಲ್ಲಿಲ್ಲದ ಸಿಟ್ಟು, ಇವನಿಗೋಸ್ಕರ ಯಾಕ್ರೀ ಉಳೀಲಿ, ನನಗೆ ಯಾರೂ ಹಿಡಿಸಲಿಲ್ಲ ಅಷ್ಟೇ ಅನ್ನುತ್ತಾಳೆ, ಅಮ್ಮ ತೀರಿಕೊಂಡ ವರ್ಷ ಶಾಲೆಗೆ ಹೊರಡುವಾಗ ಅವನ ಶೂ ಲೇಸು ಕಟ್ಟುತ್ತ ಕೂತ ಅಕ್ಕನ ನೆತ್ತಿ ಕಾಣುತ್ತಿತ್ತಲ್ಲ, ನೇರ ಬೈತಲೆ, ಅದೇ ಬೈತಲೆ ಈಗ ಬೆಳ್ಳಗೆ — ಈ ಸಂಜೆ ಬಟ್ಟೆ ಒಳಗೆ ತರುವಾಗ ಅವಳ ಏಪ್ರನ್ನೂ ಹೆಗಲಿಗೆ ಹಾಕಿಕೊಂಡ, ಜೇಬಿನಲ್ಲಿ ಏನೋ ಗಟ್ಟಿ, ಗುಂಡಿಯೇನೋ ಅಂತ ಕೈ ಹಾಕಿದರೆ ಗುಂಡಿಯಲ್ಲ. ಒಣಸೇಬು. ನೀರಿನಲ್ಲಿ ನೆಂದು, ಬಿಸಿಲಲ್ಲಿ ಮತ್ತೆ ಒಣಗಿ, ಅಂಚು ಮುದುಡಿದ ಮೂರು ಚೂರು. ಅವಳೂ! ಅಲ್ಲೇ ತಂತಿಯ ಕೆಳಗೆ ನಿಂತು ನಗು ಬಂತು, ಕಳ್ಳಿ, ಒಂದೇ ಗೂಡಿಗೆ ಇಬ್ಬರು ಕಳ್ಳರು, ಪಾಪದ ಬೂದಿ ಯಾರಿಗೂ ಹೇಳದೆ ಇಬ್ಬರದನ್ನೂ ತಿಂದು ಸುಮ್ಮನಿದೆ, ನಗುತ್ತ ನಗುತ್ತ ಚೂರುಗಳನ್ನು ಜೇಬಿಗೆ ಹಾಕಿಕೊಂಡ, ಆಮೇಲೆ ನಗು ನಿಂತಿತು, ಯಾಕೆಂದರೆ ಅವನು ಕೊಟ್ಟಿದ್ದು ಅಕ್ಕ ಹೋಗದಿರಲಿ ಅಂತ, ಸರಿ, ಅಕ್ಕ ಕೊಟ್ಟಿದ್ದು? ಅವಳಿಗೆ ಹೋಗುವ ಆಸೆಯಿಲ್ಲವೇ, ಇದೆ, ಡ್ರೈವರ್ ಬರುವ ಹೊತ್ತಿಗೆ ಎರಡು ಸಲ ಮುಖ ತೊಳೆಯುತ್ತಾಳೆ, ಬಸ್ಸಿನ ಹಾರನ್ ಕೇಳಿದರೆ ಯಾವ ನಂಬರಿನ ಗಾಡಿ ಅಂತ ಹೇಳುತ್ತಾಳೆ, ಆಸೆ ಇದೆ, ಹೋಗುವ ಧೈರ್ಯ ಇಲ್ಲ, ಇವನನ್ನು ಒಬ್ಬನೇ ಬಿಟ್ಟು ಹೋಗಲಾರದೆ ಆ ಹೆಂಗಸು ಬೂದಿಯ ಹೊಟ್ಟೆಯ ಹಿಂದೆ ಅಡಗಿ ಕೂತಿದ್ದಾಳೆ.

ಇವನ ಹಾಗೆಯೇ. ಎಷ್ಟು ಬಂತೋ, ಮತ್ತೆ ಕೂಗು, ಈ ಸಲ ದನಿ ಸ್ವಲ್ಪ ಸಣ್ಣ, ಟೇಪಿನ ಸದ್ದೂ ನಿಂತಿದೆ, ಇಬ್ಬರೂ ಅಲ್ಲಿ ಉಸಿರು ಹಿಡಿದು ನಿಂತಿರಬೇಕು, ಆ ಮನುಷ್ಯನ ತಾಳ್ಮೆಗೆ ಒಂದು ಬಿರುದು ಕೊಡಬೇಕು. ಮುಳ್ಳು ಏನು ಹೇಳಿದರೂ ಈಗ ಏನು ಬಂತು, ಅದರಲ್ಲಿ ಇವನ ಸೇಬೆಷ್ಟು, ಅವಳ ಸೇಬೆಷ್ಟು, ಬೂದಿಯದೆಷ್ಟು, ಮೊದಲಿನದೋ, ಈಗಿನದೋ, ಏನೂ ಕಾಣಿಸುತ್ತಿಲ್ಲ ಸಾರ್. ಅಷ್ಟರಲ್ಲಿ ಬೂದಿ ಕೂತಿತು. ಒಮ್ಮೆಗೇ, ಯಾರೋ ಗದರಿದ ಹಾಗೆ, ಬಟ್ಟಲಿನ ತಳಕ್ಕೆ ಹತ್ತಿಯುಂಡೆಯಾಗಿ ಕೂತು ಕಿವಿ ಹಿಂದಕ್ಕೆ ಮಡಚಿತು, ಮೀಸೆಯೂ ಅಲುಗದು, ಎಲ್ಲೋ ಒಳಗಿನದನ್ನು ಆಲಿಸುವಂತೆ ಕಣ್ಣು ದೊಡ್ಡದಾಗಿದೆ, ಮುಳ್ಳು ಇಳಿದು ಏರಿ ಇಳಿದು ನಿಂತಿತು, ಅಂತೂ ನಿಂತಿತು — ನಿಂತದ್ದು ಮಿಡುಕಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡ, ತಾನೇ ಮೇಜು ಅಲುಗಿಸಿದೆನೇನೋ ಅಂತ. ಇಲ್ಲ, ಕೈ ಮಡಿಲಲ್ಲಿದೆ, ಮೊಣಕಾಲು ದೂರ ಇದೆ, ಬೀದಿಯಲ್ಲಿ ಗಾಡಿ ಇಲ್ಲ, ಬೂದಿ ಕಲ್ಲಿನ ಹಾಗೆ ಕೂತಿದೆ, ಮುಳ್ಳು ಮತ್ತೆ ಮಿಡುಕುತ್ತದೆ, ಒಂದು ಗೆರೆಯಷ್ಟೂ ಅಲ್ಲ, ಗೆರೆಯ ದಪ್ಪದಷ್ಟು, ಟಕ್, ಆಮೇಲೆ ಟಕ್. ಮೆಲ್ಲಗೆ ಬೆರಳ ತುದಿಯನ್ನು ಹೊಟ್ಟೆಯ ಪಕ್ಕಕ್ಕೆ ತಂದ, ಕಣ್ಣಿಗೆ ಕಾಣದ ಗೀರು ಗಾಜಿನ ಮೇಲಿದ್ದರೆ ಹುಡುಕುವ ಬೆರಳು ಅದು, ಕೂದಲಿನ ಒಳಕ್ಕೆ, ಇನ್ನೂ ಒಳಕ್ಕೆ, ಬಿಸುಪಿನವರೆಗೆ — ಯಾರೋ ಒಳಗಿನಿಂದ ಬೆರಳನ್ನು ನೂಕಿದರು. ಯಾರಪ್ಪ ನೀನು! ಸೇಬು ಒದೆಯುವುದಿಲ್ಲ. ಎಷ್ಟು ಸಿಹಿ ತಿನ್ನಿಸಿದರೂ ಸೇಬು ಒದೆಯುವುದಿಲ್ಲ, ಇದು ನಿಜದ್ದು, ನಾವಿಬ್ಬರೂ ಆಡಿದ ಕಳ್ಳಾಟದ ಒಳಗೆ ನಿಜವೇ ಕೂತಿತ್ತು, ಇನ್ನು ಮೂರು ತಿಂಗಳು ಅಕ್ಕ ಎಲ್ಲೂ ಹೋಗುವುದಿಲ್ಲ, ಒಂದು ಮಾತು ಕೂಗಿದರೆ ಸಾಕು, ಲೋಟಗಳೆಲ್ಲ ಪೇಪರ್ ಬಿಚ್ಚಿಕೊಂಡು ಕಪಾಟಿಗೆ ವಾಪಸ್ಸು — ಕೂಗಿದ. ಅಕ್ಕಾ, ಬಸುರಿ ಕಣೇ! ಓಡಿ ಬಂದಳು, ಒದ್ದೆ ಕೈ, ಹಿಂದೆ ಡ್ರೈವರ್, ಹೆಬ್ಬೆರಳಿಗೆ ಟೇಪು ಅಂಟಿಕೊಂಡಿದೆ, ಅಕ್ಕನ ಮುಖ ಅರಳಿತು, ಆಮೇಲೆ ಅರಳಿದ ಮುಖ ಮೆಲ್ಲಗೆ ಗಂಡನ ಕಡೆ ತಿರುಗಿತು, ಹಾಗಾದ್ರೆ ಗಾಡಿಯವನಿಗೆ ಫೋನ್ ಮಾಡಿಬಿಡಿ, ಬೇಡ ಅಂತ, ಅನ್ನುತ್ತಿದ್ದಳು, ಆ ಮನುಷ್ಯ ಟೇಪನ್ನು ಹೆಬ್ಬೆರಳಿನಿಂದ ಬಿಡಿಸುತ್ತ ಆಗಲಿ ಆಗಲಿ, ಅದಕ್ಕೇನಂತೆ ಅನ್ನುತ್ತಿದ್ದರು, ನಗುತ್ತಲೇ, ಆದರೆ ತಲೆ ಎತ್ತಲಿಲ್ಲ, ಟೇಪು ಬಿಡಿಸಿದರೆ ಇನ್ನೊಂದು ಬೆರಳಿಗೆ ಅಂಟುತ್ತಿತ್ತು. ಗಟ್ಟಿಮುಟ್ಟಾದ ಕಣ್ಣು, ದೂರದ್ದೂ ಸರಿ ಹತ್ತಿರದ್ದೂ ಸರಿ, ಈಗ ಟೇಪು ಬಿಟ್ಟು ಬೇರೇನನ್ನೂ ನೋಡದು. ಫೋನ್ ಬೇಡ ಭಾವ, ಅಂದ. ಮೊದಲ ಸಲ ಭಾವ ಅಂದದ್ದು ಅವನಿಗೇ ಕೇಳಿಸಿತು. ಅಪ್ಪನ್ನ ದೂರ ಇಡಿ ಅಂತ ಡಾಕ್ಟರಮ್ಮ ಹೇಳಿಲ್ವಾ, ನಿಮ್ಮ ಮನೇಲಿ ರಾಣಿ ಇದೆ, ಸೆಕೆ ಬೇರೆ, ಬೂದಿ ಇಲ್ಲೇ ಇರಲಿ, ಬಾಣಂತನ ನಾನು ಮಾಡ್ತೀನಿ, ನೀನು ನಾಳೆ ಹೊರಡೇ ಅಕ್ಕ. ನೀನಾ? ನಿನ್ನ ಕೈಲಿ ಒಂದು ಗಿಡ ಉಳಿದಿದ್ದು ಉಂಟೇನೋ! ಗಿಡ ಒದೆಯಲ್ಲ, ಇದು ಒದೆಯುತ್ತೆ, ಜ್ಞಾಪಕ ಇರುತ್ತೆ. ಹೆತ್ತ ಮೇಲೆ ಒಂದು ವಾರ ಅದು ಹೊರಳಾಡಿ ಮೈ ಉಜ್ಜಿಕೊಳ್ಳೋ ಧೂಳಿನ ಸ್ನಾನ ಇಡಬಾರದು ಕಣೋ. ಇಡಲ್ಲ. ಹುಲ್ಲು ದಿನಾ ಹೊಸದು. ಹೊಸದು. ಊಟ ಮಾಡ್ತೀಯಾ, ಅಂದಳು, ಅದು ಬೂದಿಯ ಊಟವಲ್ಲ. ಮಾಡ್ತೀನಿ, ಭಾನುವಾರ ನೀವಿಬ್ಬರೂ ಬಸುರಿ ಮಗಳನ್ನ ನೋಡೋಕೆ ಬಂದಾಗ ಬಡಿಸ್ತೀನಿ, ಇನ್ನೇನಾಗಬೇಕು, ಅಂದವನು ಜೇಬಿನಿಂದ ಮೂರು ಚೂರು ಸೇಬು ತೆಗೆದು ತಕ್ಕಡಿಯ ಪಕ್ಕ ಇಟ್ಟ, ನಿನ್ನ ಏಪ್ರನ್‌ನಲ್ಲಿತ್ತು, ಆಮೇಲೆ ಇನ್ನೊಂದು ಜೇಬಿಗೆ ಕೈ ಹಾಕಿ ಸೋಮವಾರದಿಂದ ಉಳಿದಿದ್ದ ತನ್ನವನ್ನೂ ತೆಗೆದು ಅದರ ಜೊತೆ ಇಟ್ಟ, ಎರಡು ರಾಶಿ, ಒಂದೇ ಥರ. ಅಕ್ಕ ನೋಡಿದಳು, ಒಂದನ್ನು ನೋಡಿದಳು ಇನ್ನೊಂದನ್ನು ನೋಡಿದಳು, ಅಯ್ಯೋ ಕಳ್ಳಾ ಅನ್ನಲು ಹೋಗಿ ಒದ್ದೆ ಕೈಯಿಂದ ಬಾಯಿ ಮುಚ್ಚಿಕೊಂಡಳು, ನಗುತ್ತಿದ್ದಾಳೋ ಏನೋ, ಹೆಗಲು ಅಲುಗುತ್ತಿದೆ, ಶ್ ಅಂದರು ಭಾವ, ಬೆರಳು ಮುಂದೆ ಮಾಡಿ, ನೋಡಿ, ಮತ್ತೆ — ಮೂವರ ತಲೆಯೂ ಬಟ್ಟಲಿನ ಮೇಲೆ, ಅಕ್ಕನ ಬೆಳ್ಳನೆಯ ಬೈತಲೆ ಅವನ ಮೂಗಿನ ಹತ್ತಿರ, ಸೋಪಿನ ವಾಸನೆ, ನಾಳೆ ಗಾಡಿ, ಬರಲಿ, ಬೂದಿ ಅಲುಗದೆ ಕೂತಿದೆ, ಮನೆ ಅಲುಗದೆ ನಿಂತಿದೆ, ಬಿಳಿ ಮುಖದ ಮೇಲೆ ಕೆಂಪು ಮುಳ್ಳು ಮಾತ್ರ, ಟಕ್, ತಾನಾಗಿಯೇ, ಮತ್ತೆ ಟಕ್, ಆ ಮುಳ್ಳು —