ಒಳಗಿದ್ದಾನೆ ಎಂದ ಕಾರ್ಡು

ಕಾಲೇಜಿನ ಹುಡುಗರನ್ನು ಹುಡುಕಿ ಹುಡುಕಿ ನನ್ನ ಚಪ್ಪಲಿ ಸವೆದಿದ್ದವು. ಅದಕ್ಕೇ ಅರವತ್ನಾಲ್ಕರಲ್ಲಿ ಗೇಟಿನ ಬಳಿ ಆ ಹಲಗೆ ಹಾಕಿಸಿದೆ. ಒಬ್ಬೊಬ್ಬ ಹುಡುಗನಿಗೆ ಒಂದೊಂದು ಮೊಳೆ, ಒಂದೊಂದು ಕಾರ್ಡು. ಬಿಳಿ ಮಗ್ಗುಲು ಕಂಡರೆ ಒಳಗಿದ್ದಾನೆ. ಕೆಂಪು ಕಂಡರೆ ಹೊರಗೆ, ಎಲ್ಲಿಗೆಂದು ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಿರಬೇಕು. ಧಾರವಾಡದ ಬೇರೆ ಯಾವ ಕಾಲೇಜಿನಲ್ಲಿತ್ತು ಇಂಥದ್ದು, ಹೇಳಿ ನೋಡೋಣ! ಗುಮಾಸ್ತ ಮಡಿವಾಳಪ್ಪನ ಹಲಗೆ ಎಂದು ನನ್ನ ಹೆಸರೇ ಅದಕ್ಕೆ.

ಪರೀಕ್ಷೆ ಹತ್ತಿರವಾದಾಗ ಪ್ರಿನ್ಸಿಪಾಲರು ಹೊಸ ಕಟ್ಟಳೆ ಮಾಡಿದರು. ಹಗಲು ಹೊರಗೆ ಹೋದವನಿಗೆ ಹಾಸ್ಟೆಲಿನ ಜಾಗ ಇಲ್ಲ. ನಾವು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಈ ಹುಡುಗರು. ಕಾರ್ಡು ಮುಟ್ಟದೆ ಹಿಂದಿನ ಬೇಲಿ ಹಾರತೊಡಗಿದರು.

ಒಂದು ಮಧ್ಯಾಹ್ನ ಲಕಮನಹಳ್ಳಿಯಿಂದ ಲಕ್ಕಪ್ಪ ಎಂಬವನು, ನೆರೆಮನೆಯ ಹುಚ್ಚಪ್ಪನ ಸೈಕಲ್ಲಿನ ಹಿಂದೆ ಕುಳಿತು ಬಂದ.

"ನಮ್ಮ ಅಣ್ಣನ ಮಗಾ ಅರ್ಜುನಪ್ಪನ ಲಗೂ ಕರೀರಿ. ಅವರವ್ವ ಉಳಿಯೂ ಹಂಗ ಕಾಣೂದಿಲ್ರಿ. ಮಗನ್ನ ಕೇಳಾಕತ್ತಾಳ."

ಹಲಗೆ ನೋಡಿದೆ. ಬಿಳಿ.

"ಒಳಗ ಅದಾನ, ಚಿಂತಿ ಮಾಡಬ್ಯಾಡ," ಎಂದೆ. ಲಕ್ಕಪ್ಪ ಹುಚ್ಚಪ್ಪನನ್ನು ಆಗಲೇ ತಿರುಗಿ ಕಳಿಸಿದ: "ಹುಡುಗ ಈಗ ಬರ್ತಾನ ಅಂತ ಹೇಳು, ಓಡು."

ಪ್ರಿನ್ಸಿಪಾಲರೇ ಕ್ಲಾಸಿಗೆ ಹೋಗಿ "ಅರ್ಜುನಪ್ಪ ಎಲ್ಲಿ?" ಎಂದು ಗುಡುಗಿದರು. ಅವನ ಗೆಳೆಯ ಶರೀಫಸಾಬ, ಅರ್ಜುನಪ್ಪನ ಹಾಸ್ಟೆಲಿನ ಜಾಗ ಹೋದೀತೆಂದು ಹೆದರಿ "ಲೈಬ್ರರ್ಯಾಗ ಅದಾನ್ರಿ ಸರ" ಎಂದ. ಲೈಬ್ರರಿ, ಮೈದಾನ, ಹಾಸ್ಟೆಲು, ಎಲ್ಲ ಹುಡುಕಿದೆವು. ಹುಡುಗನ ಕಾಕಾ ಲಕ್ಕಪ್ಪ ಎಲ್ಲ ಕೋಣೆಯ ಬಾಗಿಲಲ್ಲೂ ನಿಂತು ಹೆಸರು ಕೂಗಿದ. ಆ ಕೂಗು ಕೇಳಿ ಶರೀಫಸಾಬ ಓಡಿ ಬಂದು ಕಾಲು ಹಿಡಿದ.

"ಹುಬ್ಬಳ್ಳಿಗೆ ಹೋಗ್ಯಾನ್ರಿ ಕಾಕಾ! ಅವರವ್ವನ ಔಷಧಾ ಇಲ್ಲಿ ಸಿಗಲಿಲ್ಲಂತ."

ಅಯ್ಯೋ ದೇವರೆ! ಕಾರ್ಡು ಕೆಂಪಾಗಿದ್ದು, ಮೇಲೆ ಅಂಗಡಿಯ ಹೆಸರಿದ್ದಿದ್ದರೆ ಹೋಗಿ ಕರೆತರುತ್ತಿದ್ದೆವು. ಈಗ ಅಷ್ಟು ದೊಡ್ಡ ಊರಿನಲ್ಲಿ ಎಲ್ಲಿ ಹುಡುಕುವುದು? ಲಕ್ಕಪ್ಪ ಗೇಟಿನಲ್ಲಿ ಕುಸಿದು ಕುಳಿತ. ಆ ಕಟ್ಟಳೆ ಮಾಡಿದವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಸಂಜೆ ಮೊದಲು ಬಂದವನು ಹುಚ್ಚಪ್ಪ. ಗೇಟಿಗೆ ಒರಗಿ ತಲೆ ಅಲ್ಲಾಡಿಸಿದ. ಎಲ್ಲ ಮುಗಿದಿತ್ತು.

ಸ್ವಲ್ಪ ಹೊತ್ತಿಗೆ ಅರ್ಜುನಪ್ಪ ಬಾಟಲಿ ಹಿಡಿದು ಬಂದ. ಕಾಕಾನ ಮುಖ ನೋಡಿದ, ತಿಳಿಯಿತು. ಹಲಗೆಯ ಮುಂದೆ ಹೋಗಿ ತನ್ನ ಕಾರ್ಡು ತಿರುವಿ 'ಮನೆಗೆ' ಎಂದು ಬರೆದ. ಪ್ರಿನ್ಸಿಪಾಲರು ಅಲ್ಲೇ ನಿಂತು ನೋಡಿದರು. ನಾನಂತೂ ಅತ್ತುಬಿಟ್ಟೆ.

ಸೈಕಲ್ಲು ಹತ್ತುವಾಗ ಹುಡುಗ ಕೇಳಿದ. "ಅವ್ವ ನನ್ನ ದಾರಿ ಕಾದ್ಳೇನು?"

ಹುಚ್ಚಪ್ಪ ಅವನ ಕಡೆ ನೋಡಲಿಲ್ಲ.

"ಕಾಲೇಜಿನ್ಯಾಗ ಅದಾನ, ಈಗ ಬರ್ತಾನ ಅಂತ ನಾ ಅಂದ್ನೆಪಾ. ನಕ್ಕಳು. ಬಾಗಲಾ ತಗದ ಇಡ್ರಿ ಅಂದ್ಳು. ಇನ್ನೂ ತಗದ ಐತಿ."