ಇಳಿಸುವ ಮೊದಲು

"ಅಲ್ಲೇ ನಿಲ್ರಿ! ಯಾರೂ ಜಗ್ಗಬ್ಯಾಡ್ರಿ!" ಮೂರನೆಯ ಮಹಡಿಯ ಕಬ್ಬಿಣದ ಕಂಬಕ್ಕೆ ಹಗ್ಗ ಸುತ್ತುತ್ತ ನೀಲಿಮಾ ಕೂಗಿದಳು.

ಚಟ್ಟ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಸದಾಶಿವ ಪೇಠದ ಆ ಹಳೆಯ ಕಟ್ಟಡದ ಮೆಟ್ಟಿಲು ಒಂದು ಕಬ್ಬಿಣದ ಕಪಾಟನ್ನೂ ಮೇಲೆ ಹೋಗಲು ಬಿಟ್ಟಿರಲಿಲ್ಲ. ಮದುವೆಯಾದ ಹೊಸದರಲ್ಲಿ ಪ್ರಲ್ಹಾದ ಕಪಾಟನ್ನು ಹಗ್ಗ ಕಟ್ಟಿ ಗ್ಯಾಲರಿಯಿಂದ ಮೇಲೆ ಎಳೆದುಕೊಂಡಿದ್ದ. ಇಡೀ ಪೇಠ ನಿಂತು ನೋಡಿತ್ತು. ಇವತ್ತು ಅವನನ್ನೇ ಹಗ್ಗ ಕಟ್ಟಿ ಕೆಳಗೆ ಇಳಿಸಬೇಕಾಗಿತ್ತು.

ಇಂದೂ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಹಗ್ಗ ಹಿಡಿದ ನೀಲಿಮಾ, ಚಟ್ಟಕ್ಕೆ ಹೆಗಲು ಕೊಟ್ಟ ಹುಡುಗರು, ಎಲ್ಲರೂ ಗಂಡನ ಜೊತೆ ಗುಡ್ಡ ಹತ್ತುತ್ತಿದ್ದವರೇ. ಭಾರ ಎತ್ತುವ ಮೊದಲು, ರೂಢಿಯಂತೆ, ಎಲ್ಲರೂ ಸೊಂಟದ ಚೀಲಕ್ಕೆ ಕೈ ಹಾಕಿ ಬಿಳಿ ಪುಡಿ ಹಚ್ಚಿಕೊಂಡಿದ್ದರು.

"ಏನ್ ಮಂದೀರೋ ನೀವು, ಹೆಣಾ ಹೊರೂ ಮುಂದ ಪೌಡರ್ ಹಚ್ಚಗೊಂತೀರಿ!" ಎಂದರು ಶಂಕ್ರೆಪ್ಪ. ದೌಂಡದ ರೈಲ್ವೆ ಕಚೇರಿಯಲ್ಲಿ ಪ್ರಲ್ಹಾದನ ಜೊತೆ ದುಡಿದವರು. ಸುದ್ದಿ ಕೇಳಿ ಮೊದಲ ಗಾಡಿಗೇ ಬಂದಿದ್ದರು.

"ಕೈ ಜಾರಬಾರದು ಅಂತ ಅಂಕಲ್," ಎಂದ ಅಭಿಲಾಷ. ಮೈಸೂರಿನ ಹುಡುಗ, ಇಲ್ಲಿ ಐಟಿ ಕೆಲಸ.

"ಜಾರಿದ್ರ ಅವ್ನೇನು ಬೈಯಾಂಗಿಲ್ಲ ಬಿಡು."

ನೀಲಿಮಾ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅಭಿಲಾಷ ಮತ್ತೊಮ್ಮೆ ಮುಟ್ಟಿ ನೋಡಿದ. ಒಬ್ಬರು ಕಟ್ಟಿದ ಗಂಟನ್ನು ಇನ್ನೊಬ್ಬರು ನೋಡದೆ ಯಾರನ್ನೂ ಇಳಿಸುವಂತಿಲ್ಲ. ಪ್ರಲ್ಹಾದ ಕಲಿಸಿದ ಮೊದಲ ಪಾಠವೇ ಅದು. ಎರಡನೆಯದು, ಹಗ್ಗದಲ್ಲಿ ಇರುವವರು ಬಾಯಿ ಬಿಟ್ಟು ಹೇಳುವ ತನಕ ಹಗ್ಗ ಸಡಿಲಿಸಬಾರದು.

ನೀಲಿಮಾ ಹಗ್ಗ ಬಿಗಿಹಿಡಿದು ಕಾಲೂರಿದಳು.

"ಕಾಕಾ, ಇಳಸ್ಲೇನ್ರಿ?"

ಕೇಳಿದ ಮೇಲೆಯೇ ಅವಳಿಗೆ ತಿಳಿಯಿತು. ಹಗ್ಗ ಹಿಡಿದ ಕೈ ಹಾಗೇ ನಿಂತಿತು. ಕೆಳಗಿದ್ದ ಹುಡುಗರೂ ಅಲುಗಲಿಲ್ಲ, ತಲೆಯೆತ್ತಿ ಕಾಯುತ್ತಿದ್ದರು.

"ಇಳಸವಾ," ಎಂದಳು ಇಂದೂ ಹೊಸ್ತಿಲಿಂದ. "ಸಾವಕಾಶ ಇಳಸು."

ಹಗ್ಗ ಸಡಿಲಾಯಿತು. ಚಟ್ಟ ಒಂದೊಂದೇ ಮೆಟ್ಟಿಲು ಇಳಿಯಿತು. ತಿರುವಿನಲ್ಲಿ ಹುಡುಗರು ಗೋಡೆಗೆ ಅಂಗೈ ಊರಿ ಭಾರ ತಡೆದರು. ಧಾರವಾಡದಿಂದ ಬಂದ ಮೈದುನ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ.

*

ಮದುವೆಯಾದ ವರ್ಷ ಪ್ರಲ್ಹಾದ ಅವಳನ್ನು ಊರಾಚೆಯ ಕರಿಬಂಡೆಗೆ ಕರೆದುಕೊಂಡು ಹೋಗಿದ್ದ. ಬುತ್ತಿಯಲ್ಲಿ ಭಕ್ರಿ, ಶೇಂಗಾ ಚಟ್ನಿ. ಅವನು ಮೇಲೆ ಹತ್ತಿದಾಗ ಇಂದೂ ಕಣ್ಣು ಮುಚ್ಚಿ ವಾಯುಸ್ತುತಿ ಹೇಳಿಕೊಂಡಿದ್ದಳು. ಅವನು ಇಳಿದು ಬುತ್ತಿ ಬಿಚ್ಚುವಾಗ ಅವನ ಚೀಲದಿಂದ ಪುಡಿ ತೆಗೆದು, ಕಲ್ಲಿನ ಮೇಲೆ ತನ್ನ ಎತ್ತರಕ್ಕಿಂತ ತುಸು ಮೇಲೆ, ತುದಿಗಾಲಲ್ಲಿ ನಿಂತು ಬೆರಳಿನಿಂದ ಇಬ್ಬರ ಹೆಸರು ಬರೆದಳು.

ಅವನು ಓದಿದ. ಮುಖವೆಲ್ಲ ಅರಳಿತು. "ಅಕ್ಷರ ಭಾಳ ಛಂದ ಅವ," ಎಂದ. ಆಮೇಲೆ ಜೇಬಿನಿಂದ ಹಲ್ಲುಜ್ಜುವ ಹಳೆಯ ಬ್ರಶ್ ತೆಗೆದು, ಮೇಲಿನಿಂದ ಕೆಳಗೆ, ಎರಡೂ ಹೆಸರನ್ನು ಒರೆಸಿಬಿಟ್ಟ. ಕೆಳಗೆ ನಿಂತಿದ್ದ ಇಂದೂಳ ತಲೆಯ ಮೇಲೆ ಪುಡಿ ಉದುರಿತು.

"ಮಳಿ ಬಂದ್ರ ತಾನ ಹೋಗ್ತಿತ್ತು! ಅಷ್ಟ್ಯಾಕ ಅವಸರ?"

"ನಾಳೆ ಬರಾವ್ರಿಗೆ ಇದು ಯಾರೂ ಮುಟ್ಟದ ಕಲ್ಲು ಅನಸ್ಬೇಕು, ಇಂದೂ."

ಮನೆಗೆ ಬರುವ ತನಕ ಅವಳು ತಲೆ ಝಾಡಿಸಿಕೊಳ್ಳಲಿಲ್ಲ, ಸಿಟ್ಟಿಗೆ. ಬಸ್ಸಿನಲ್ಲಿ ಜನ ನೋಡಿದರು. ಅವನಿಗೆ ನಗು ತಡೆಯಲಾಗಲಿಲ್ಲ.

*

ಮನೆ ತೊಳೆದು, ಅವನು ಮಲಗಿದ್ದ ಜಾಗದಲ್ಲಿ ದೀಪ ಇಟ್ಟಿದ್ದರು. ಇಂದೂ ಅವನ ಕುರ್ಚಿಯನ್ನೇ ನೋಡುತ್ತ ಕುಳಿತಳು. ಗುಡ್ಡದಿಂದ ಬೀಳುತ್ತಾನೆಂದು ಆಯುಷ್ಯವೆಲ್ಲ ಅಂಜಿದ್ದಳು. ಅವನೋ, ಚಹಾ ಆಯಿತೇನು ಎಂದು ಕೇಳಿ, ಉತ್ತರಕ್ಕೂ ಕಾಯದೆ ಕುರ್ಚಿಯಲ್ಲೇ ಹೋಗಿಬಿಟ್ಟ.

ಬೆಳಿಗ್ಗೆ ಅಭಿಲಾಷ ಅವಳ ಮುಂದೆ ಮೊಣಕಾಲೂರಿ ಕೇಳಿದ್ದ: "ಆಂಟಿ, ಆ ಬಂಡೆ ಮೇಲೆ ಸರ್ ಹೆಸರಲ್ಲಿ ಒಂದು ಹಿತ್ತಾಳೆ ಪ್ಲೇಟ್ ಹಾಕ್ತೀವಿ. ಎರಡು ಬೋಲ್ಟ್ ಸಾಕು. ನೂರು ವರ್ಷ ಅಲ್ಲಾಡಲ್ಲ."

"ಹಾಕಪಾ," ಎಂದಿದ್ದಳು ಇಂದೂ, ಅವನ ಮಾತು ಮುಗಿಯುವ ಮೊದಲೇ. ಮಕ್ಕಳಿಲ್ಲ. ಮನೆ ಬಾಡಿಗೆಯದು. ಬಾಗಿಲ ಮೇಲಿನ ಹೆಸರನ್ನೂ ನಾಳೆ ಯಾರೋ ಕಿತ್ತಾರು. ಅವನ ಹೆಸರು ಎಲ್ಲಾದರೂ ಒಂದು ಕಡೆ ಇರಬೇಕಲ್ಲ?

ನೀಲಿಮಾ ಆಗ ಪಕ್ಕದಲ್ಲೇ ಹಗ್ಗ ಸುತ್ತುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಆ ಸುಮ್ಮನಿರುವಿಕೆ ಇಂದೂಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಬ್ಯಾಡ ಅನ್ನೂದಿದ್ರ ಅನ್ನಲಿ, ಎಂದುಕೊಂಡಳು. ನನ್ನ ಗಂಡ. ನನ್ನ ಕಲ್ಲೂ ಹೌದು.

*

ನಿವೃತ್ತಿಯ ನಂತರ ಪ್ರಲ್ಹಾದ ಶಿವಾಜಿನಗರದ ಕ್ಲೈಂಬಿಂಗ್ ಜಿಮ್ಮಿಗೆ ಹೋಗತೊಡಗಿದ್ದ. ಅಲ್ಲಿ ಗೋಡೆಯ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಕೆಗಳು. ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಕಡೆ ಕೂರಿಸುತ್ತಿದ್ದರು. ಅವನೇ ಡ್ರಿಲ್ ಹಿಡಿದು ಖುಷಿಯಿಂದ ತೂತು ಹೊಡೆಯುತ್ತಿದ್ದ.

ಆ ಜಿಮ್ಮಿನಲ್ಲೇ ಕಲಿತ ಅಭಿಲಾಷ ಮೊದಲ ಸಲ ಬಂಡೆಗೆ ಬಂದಾಗ, ಕೈ ಇಡಬೇಕಾದಲ್ಲೆಲ್ಲ ಪುಡಿಯಿಂದ ದಪ್ಪ ಗೆರೆ ಎಳೆದುಕೊಂಡು ಹತ್ತಿ, ಹಾಗೇ ಇಳಿದಿದ್ದ. ಇಂದೂ ಅವತ್ತು ನೆರಳಲ್ಲಿ ಕೂತು ಅವಲಕ್ಕಿ ಕಲಸುತ್ತಿದ್ದಳು. ಪ್ರಲ್ಹಾದ ಬೈಯಲಿಲ್ಲ. ಬ್ರಶ್ ಬಾಯಲ್ಲಿ ಕಚ್ಚಿಕೊಂಡು, ಆ ವಯಸ್ಸಿನಲ್ಲಿ, ತಾನೇ ಹತ್ತಿ ಒಂದೊಂದೇ ಗೆರೆ ಒರೆಸಿ ಇಳಿದ. ಅಭಿಲಾಷನ ಮುಖ ಸಣ್ಣದಾಗಿತ್ತು.

"ಜಿಮ್ಮಲ್ಲಿ ನೀವೇ ಡ್ರಿಲ್ ಮಾಡ್ತೀರಲ್ಲ ಸರ್?"

"ಅದು ಗ್ವಾಡಿ, ತಮ್ಮಾ. ನಾವು ಕಟ್ಟಿದ್ದು. ಇದು ನಮಗಿಂತ ಮೊದಲಿಂದ ಅದ." ಆಮೇಲೆ ಅವಲಕ್ಕಿಯ ತಾಟನ್ನು ಅವನ ಕಡೆ ಸರಿಸಿ, "ತಿನ್ನು. ಮೆಣಸಿನಕಾಯಿ ತಗದಿಡು, ನಿಮ್ಮ ಮೈಸೂರಿನವ್ರಿಗೆ ತಡ್ಯಂಗಿಲ್ಲ," ಎಂದ.

*

ಸಂಜೆ ಎಲ್ಲರೂ ಸ್ನಾನ ಮಾಡಿ, ದೀಪ ನೋಡಿಹೋಗಲು ಬಂದರು. ಶಂಕ್ರೆಪ್ಪ ಬಾಗಿಲಲ್ಲೇ ಕೈಮುಗಿದರು. "ವೈನಿ, ಗಾಡಿ ಟೈಮಾತು. ಹತ್ತನೇ ದಿನದ ಊಟಕ್ಕ ಬರ್ತೀನಿ. ನಿಮ್ಮ ಹುಡುಗ್ರು ಭಾಳ ಚಲೋ ಅದಾರ. ನನ್ನ ಸರತಿ ಬಂದಾಗೂ ಕಳಸ್ರಿ."

"ನಿಮ್ಮದು ನೆಲದ ಮ್ಯಾಗಿನ ಮನಿ, ಶಂಕ್ರೆಪ್ಪನವರ. ಹಗ್ಗ ಬೇಕಾಗಂಗಿಲ್ಲ." ಇಬ್ಬರೂ ನಕ್ಕರು. ಅವರು ಕಣ್ಣೊರೆಸಿಕೊಂಡು ಇಳಿದುಹೋದರು.

ಅಭಿಲಾಷ ಫೋನ್ ತೆಗೆದ. "ಆಂಟಿ, ಪ್ಲೇಟ್‌ಗೆ ಸರ್ ಪೂರ್ತಿ ಹೆಸರು ಹೇಳ್ತೀರಾ? ಈಗ್ಲೇ ಆರ್ಡರ್ ಕೊಟ್ರೆ ಭಾನುವಾರ ಹಾಕ್ಬಿಡಬಹುದು."

ಇಂದೂ ಹೇಳಲೆಂದು ತಲೆಯೆತ್ತಿದಳು. ತೆರೆದ ಬಾಗಿಲಾಚೆ, ಮೆಟ್ಟಿಲ ತಿರುವಿನ ಗೋಡೆಯ ಮೇಲೆ ಬಿಳಿ ಅಂಗೈಗಳು. ಎಷ್ಟೊಂದು ಅಂಗೈಗಳು! ನೀಲಿಮಾ ಓಢಣಿಯ ತುದಿಯಿಂದ ಅವನ್ನು ಒರೆಸುತ್ತಿದ್ದಳು.

"ಬಿಡು ನೀಲಿಮಾ. ಯಾಕ ಒರಸ್ತೀ? ಇರ್ಲಿ."

ನೀಲಿಮಾ ಬೆಚ್ಚಿ ಕೈ ತೆಗೆದಳು. "ರೂಢಿ, ಕಾಕೂ. ಒರಸದ ಇಳದ್ರ ಕಾಕಾ ಮನೀಗೆ ಬಿಡ್ತಿದ್ದಿಲ್ಲ." ಓಢಣಿಯ ತುದಿ ಮಡಚಿಕೊಂಡಳು. "ನೀವು ಬ್ಯಾಡಂದ್ರ ಬಿಡ್ತೀನ್ರಿ."

ಅಷ್ಟೇ. ಹಿತ್ತಾಳೆಯ ಮಾತು ಅವಳು ಈಗಲೂ ಎತ್ತಲಿಲ್ಲ.

ಇಂದೂ ಎದ್ದು ಒಳಗೆ ಹೋದಳು. ಗೂಟಕ್ಕೆ ಅವನ ಚೀಲ ಹಾಗೇ ನೇತಾಡುತ್ತಿತ್ತು. ಒಳಗೆ ಕೈ ಹಾಕಿದಾಗ ಕೂದಲೆಲ್ಲ ಸವೆದು ಬಾಗಿದ ಬ್ರಶ್ ಸಿಕ್ಕಿತು. ಅದನ್ನು ಹಿಡಿದು ಹೊರಗೆ ಬಂದು ಮೆಟ್ಟಿಲಿಳಿದು, ಗೋಡೆಯೆದುರು ನಿಂತಳು.

"ಓಢಣಿಯಿಂದ ಹೋಗಂಗಿಲ್ಲವಾ, ಇನ್ನೂ ಒಳಗ ಕೂಡ್ತದ."

ಮೇಲಿನಿಂದ ಕೆಳಗೆ, ಒತ್ತದೆ, ಒಂದೊಂದೇ ಅಂಗೈ ಒರೆಸುತ್ತ ಹೋದಳು. ಅಭಿಲಾಷ ಫೋನ್ ಹಿಡಿದು ನಿಂತೇ ಇದ್ದ.

"ಆಂಟಿ... ಹೆಸರು?"

"ಫೋನ್ ಒಳಗಿಡು. ಮ್ಯಾಲಿಂದೊಂದು ನನಗ ನಿಲುಕವಲ್ತು. ನಿನ್ನ ಕೈಯೇ ಇರಬೇಕು ಅದು. ಹತ್ತು."

ಅವನು ಅವಳ ಮುಖ ನೋಡಿದ. ಫೋನನ್ನು ಜೇಬಿಗಿಟ್ಟು, ಬ್ರಶ್ ತೆಗೆದುಕೊಂಡು ಮೆಟ್ಟಿಲ ಕಟಕಟೆಯ ಮೇಲೆ ಕಾಲಿಟ್ಟ. ನೀಲಿಮಾ ಅವನ ಸೊಂಟಕ್ಕೆ ಕೈ ಆಸರೆ ಕೊಟ್ಟಳು.

"ಇಳೀಲಾ ಆಂಟಿ?"

ಕೆಳಗೆ ನಿಂತ ಇಂದೂ ತಲೆಯೆತ್ತಿ ನೋಡಿದಳು. "ಬೆರಳಿನ ತುದಿ ಇನ್ನೂ ಕಾಣಸ್ತದ."

ಅವನು ಮತ್ತೆ ಉಜ್ಜಿದ. ಬಿಳಿ ಪುಡಿ ಸಂಜೆಯ ಬೆಳಕಿನಲ್ಲಿ ಸುಳಿದು, ಅವಳ ತಲೆಯ ಮೇಲೆ ಉದುರಿತು. ಅವಳು ಝಾಡಿಸಿಕೊಳ್ಳಲಿಲ್ಲ.