ಕೋಳಿ ಕಾವಿನ ಕೌಜುಗ

“ಏನಲೇ ಅಳಿಯಾ, ಇದೂ ಒಂದು ಕೌಜುಗೇನು? ಕೋಳಿ ಕಾವಿಗೆ ಹುಟ್ಟಿದ್ದು ಕೋಳೀನ ಆಗತೈತಿ. ಕೂಗಾಕ ಬರದ ಹಕ್ಕಿ ಸಾರಿಗಷ್ಟ ಲಾಯಕ್ಕು!”

ಚಹಾದಂಗಡಿಯ ಮುಂದೆ, ಬೇಟೆಯ ಗೆಳೆಯರೆಲ್ಲರ ಎದುರು ಫಕೀರಪ್ಪ ಹೀಗೆಂದಾಗ ನಾನು ಪಂಜರದಲ್ಲಿದ್ದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವನ ಅಳಿಯ, ನನ್ನ ಒಡೆಯ ಯಮನೂರ, ತಲೆ ತಗ್ಗಿಸಿದ. ನನ್ನ ಮೈಯೆಲ್ಲ ಉರಿಯಿತು. ಉರಿದು ಮಾಡುವುದೇನು? ಮಾತು ಸುಳ್ಳಾಗಿರಲಿಲ್ಲ.

ನಾನು ಒಂದು ಗಂಡು ಕೌಜುಗ. ಹೊಲದ ಬದುವಿನ ಗೂಡಿನಿಂದ ಕದ್ದು ತಂದ ಮೊಟ್ಟೆ. ನಮ್ಮ ಸೀಮೆಯಲ್ಲಿ ಕಾಡುಮೊಟ್ಟೆಯನ್ನು ಕಾವು ಕೂತ ಕೋಳಿಯ ಕೆಳಗಿಟ್ಟು, ಮರಿಯನ್ನು ಪಂಜರದಲ್ಲಿ ಸಾಕಿ ‘ಕರೆಯೋ ಹಕ್ಕಿ’ ಮಾಡುತ್ತಾರೆ. ಅದು ಕೂಗಿದರೆ ಆ ನೆಲದ ಕಾಡುಗಂಡು ‘ಯಾರವನು ನನ್ನ ಜಾಗದಲ್ಲಿ?’ ಎಂದು ಕಾದಾಡಲು ಓಡಿಬಂದು, ಪಂಜರದ ಸುತ್ತ ನೆಟ್ಟ ಉರುಲಿಗೆ ಬೀಳುತ್ತದೆ. ನನಗೆ ಕಾವು ಕೊಟ್ಟ ಕೆಂಪು ಕೋಳಿ, ಇದು ತನ್ನದಲ್ಲ ಎಂದು ಗೊತ್ತಾದ ಕೂಡಲೇ ಕುಕ್ಕಿ ಓಡಿಸಿತು. ಇನ್ನು ಕೂಗು ಕಲಿಸುವವರು ಯಾರು?

“ಕೂಗತೈತಿ ಬಿಡೋ ಮಾವ. ಕಲಿಸ್ತೀನಿ,” ಎಂದ ಯಮನೂರ. ಮರುದಿನದಿಂದ ನನ್ನ ಪಂಜರ ಬೀಳು ಹೊಲದ ಜಾಲಿಗಿಡದಲ್ಲಿ ತೂಗಿತು. ಕೆಳಗೇ ಕಾಡುಕೌಜುಗಗಳ ಗೂಡು. ಕೇಳಿ ಕಲಿಯಲಿ ಎಂಬುದು ಅವನ ಎಣಿಕೆ.

ಗೂಡೆಂದರೆ ಏನು, ಹುಲ್ಲಿನ ಬುಡದಲ್ಲಿ ಕೆದರಿದ ಒಂದು ತಗ್ಗು. ತಾಯಿ ನೇರವಾಗಿ ಬರುತ್ತಿರಲಿಲ್ಲ. ಎಲ್ಲೋ ಮೇಯುವವಳಂತೆ ನಟಿಸಿ, ಸುತ್ತಿ ಬಳಸಿ, ಕೊನೆಗೆ ನುಸುಳುತ್ತಿದ್ದಳು. ಕೂತಳೆಂದರೆ ಮಣ್ಣು ಯಾವುದು, ಹಕ್ಕಿ ಯಾವುದು ತಿಳಿಯದು. ತಂದೆ ಬದುವಿನ ಕಲ್ಲು ಹತ್ತಿ, ಎದೆಯುಬ್ಬಿಸಿ, ನಾಲ್ಕು ಹೊಲಕ್ಕೆ ಕೇಳುವಂತೆ ಕೂಗುತ್ತಿದ್ದ. ಅವನನ್ನು ಕಂಡರೆ ನನ್ನ ಹೊಟ್ಟೆಯಲ್ಲಿ ಕೆಂಡ.

ಮೊಟ್ಟೆ ಒಡೆದವು. ಮೈ ಆರಿತೋ ಇಲ್ಲವೋ, ಮರಿಗಳು ಓಡತೊಡಗಿದವು. ತಾಯಿ ಗೆದ್ದಲ ಮಣ್ಣು ಕೆದರಿ ಕರೆದರೆ ಮುಗಿಬೀಳುತ್ತಿದ್ದವು. ಮಟಮಟ ಮಧ್ಯಾಹ್ನ ಅವಳ ರೆಕ್ಕೆಯೇ ನೆರಳು. ಹದ್ದು ಹಾದರೆ ಅವಳು ಗಂಟಲಲ್ಲೇ ‘ಕಿರ್ರ್’ ಎನ್ನುತ್ತಿದ್ದಳು. ಮರಿಗಳು ಇದ್ದಲ್ಲೇ ಮಣ್ಣಿನ ಹೆಂಟೆಯಾಗುತ್ತಿದ್ದವು. ನನಗೆ ಯಾರು ‘ಕಿರ್ರ್’ ಎಂದಿದ್ದರು? ನನ್ನ ಪಾಲನ್ನು ನನ್ನ ಕಣ್ಣೆದುರೇ ತಿನ್ನುತ್ತಿವೆ ಎನ್ನಿಸುತ್ತಿತ್ತು. ಇವುಗಳ ಅಪ್ಪ ಹಾಳಾಗಿ ಹೋಗಲಿ ಎಂದು ಶಪಿಸಿದೆ.

ಒಂದು ಮುಂಜಾನೆ ಯಮನೂರ ಪಂಜರವನ್ನು ನೆಲಕ್ಕಿಳಿಸಿ ಸುತ್ತಲೂ ಉರುಲು ನೆಟ್ಟ. ಪೊದೆಯ ಹಿಂದೆ ಫಕೀರಪ್ಪ ಮತ್ತು ಗೆಳೆಯರು ಕೂತರು.

“ಇವತ್ತೂ ಕೂಗಲಿಲ್ಲಂದ್ರ ಸಂಜೀಗೆ ಸಾರು ನೋಡಲೇ,” ಎಂದು ಫಕೀರಪ್ಪ ಪಿಸುಗುಟ್ಟಿದ.

ಕಲ್ಲಿನ ಮೇಲೆ ಮರಿಗಳ ತಂದೆ ಕೂಗಿದ. ನಾನೂ ಕೂಗಿದೆ. ಸಾರಿನ ಭಯಕ್ಕಲ್ಲ, ಹೊಟ್ಟೆಕಿಚ್ಚಿಗೆ. ನನ್ನ ಮೊದಲ ಕೂಗು! ಬಾ ಮಗನೇ, ಬಾ.

ಬಂದ. ಕತ್ತಿನ ಗರಿ ಕೆದರಿ, ನೆಲ ಒದೆಯುತ್ತ ಬಂದ. ಆದರೆ ಅಪ್ಪನ ಹಿಂದೆಯೇ ಮರಿಗಳೂ ಹೊರಟುಬಂದವು. ಎಲ್ಲಕ್ಕಿಂತ ಚಿಕ್ಕದು ಅವನನ್ನೂ ದಾಟಿ ಉರುಲಿನ ಬಾಯಿಗೇ ಓಡಿತು.

ನನ್ನ ಗಂಟಲು ‘ಕಿರ್ರ್’ ಎಂದಿತು.

ಒಳ್ಳೆಯವನೆಂದು ಹೊಗಳಬೇಡಿ. ಹೊಟ್ಟೆ ಉರಿದುಕೊಂಡು ರೆಪ್ಪೆ ಬಡಿಯದೆ ನೋಡಿದ್ದೆನಲ್ಲ, ಕೂಗಿನ ಜೊತೆ ಆ ತಾಯಿಯ ‘ಕಿರ್ರ್’ ಕೂಡ ಬಂದಿತ್ತು. ಮರಿ ನೆಲಕ್ಕಂಟಿತು. ತಂದೆ ಗಕ್ಕನೆ ನಿಂತ. ತಾಯಿ ದೂರದಿಂದ ಕರೆದಳು; ಎಲ್ಲವೂ ಹುಲ್ಲಿನಲ್ಲಿ ಕರಗಿದವು.

“ಬ್ಯಾಟಿ ಓಡ್ಸೋ ಹಕ್ಕಿ ಸಾಕೀಯಲ್ಲೋ ಅಳಿಯಾ!”

ನಗೆಯ ನಡುವೆ ಯಮನೂರ ಎದ್ದು ಬಂದು ಪಂಜರವನ್ನು ಝಾಡಿಸಿ ಒದ್ದ. “ಹೋಗಲೇ, ನಿನ್ನ ಕುಲದಾಗ ಹೋಗಿ ಸಾಯಿ!” ಪಂಜರ ಉರುಲುಗಳ ಆಚೆಗೆ ಉರುಳಿತು. ಬಾಗಿಲು ಕಿತ್ತುಹೋಯಿತು. ನಾನು ಹೊರಗೆ ಬಂದು ಹುಲ್ಲಿಗೆ ನುಗ್ಗಿದೆ.

ಬದುವಿನ ಕಲ್ಲಿನ ಮೇಲೆ ಮರಿಗಳ ತಂದೆ ನಿಂತಿದ್ದ. ಬುಡದಲ್ಲಿ ತಾಯಿ; ಅವಳ ರೆಕ್ಕೆಯಡಿಯಿಂದ ಸಣ್ಣ ಸಣ್ಣ ಕಾಲುಗಳು ಇಣುಕುತ್ತಿದ್ದವು. ನನ್ನನ್ನು ಕಂಡು ಅವನು ಕೂಗಿದ: ಯಾರವನು ನನ್ನ ಜಾಗದಲ್ಲಿ?

ಈಗ ನನಗೂ ಕೂಗು ಗೊತ್ತಿತ್ತು. ಗಂಟಲ ತನಕ ಬಂತು. ಕಿಚ್ಚು ಆಗಲೂ ಆರಿರಲಿಲ್ಲ, ಈಗಲೂ ಆರಿಲ್ಲ.

ಅವನು ಮತ್ತೆ ಕೂಗಿದ. ನಾನು ಉತ್ತರ ಕೊಡದೆ ಬದು ದಾಟಿ ನಡೆದೆ.